ಪಲೆಂಕೆಯ ಅರಸ ಪಕಲ್

ಮೊದಲಿಗೆ ನನ್ನದೊಂದು ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತೇನೆ. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗರಿಗೆ ಸಭಾಪರ್ವದ ಕಥೆ ಹೇಳುತ್ತಿದ್ದೆ. ಮಯನು ಪಾಂಡವರಿಗೆ ಸಭಾಭವನವನ್ನು ಕಟ್ಟಿಕೊಟ್ಟ ಪ್ರಸಂಗ. ಮಾತಿನ ಭರದಲ್ಲಿ, “ಅಮೆರಿಕ ಖಂಡದಲ್ಲಿ ಮಾಯಾ ಎಂಬ ಜನರಿದ್ದರು, ಅವರೂ ದೊಡ್ಡ ಶಿಲ್ಪಿಗಳೇ, ಬಹುಶಃ ಈ ಮಯನ ಪೀಳಿಗೆಯವರೇ ಇರಬೇಕು” ಎಂದುಬಿಟ್ಟೆ. ಎಲ್ಲಿಯೋ ಓದಿದ ನೆನಪು, ಹೇಳುವುದಕ್ಕೂ ಸೊಗಸಾಗಿತ್ತು. ಒಬ್ಬ ಹುಡುಗ ಅದನ್ನು ಪರೀಕ್ಷೆಯ ಉತ್ತರದಲ್ಲಿ ಬರೆದ. ನಾನು ಅಂಕವನ್ನೂ ಕೊಟ್ಟೆ.

ಮರುವರ್ಷ ಅದೇ ಹುಡುಗ ಒಂದು ಚಿತ್ರವನ್ನು ಹಿಡಿದುಕೊಂಡು ಬಂದ. ಕಲ್ಲಿನಲ್ಲಿ ಕೊರೆದ ಚಿತ್ರ. ಒಬ್ಬ ಮನುಷ್ಯ ಬೆನ್ನು ಬಾಗಿಸಿ ಒರಗಿದ್ದಾನೆ. ಸುತ್ತಲೂ ಬಳ್ಳಿಯೋ ಯಂತ್ರವೋ ತಿಳಿಯದ ಸುರುಳಿಗಳು. “ಸಾರ್, ಮಯನ ಪೀಳಿಗೆಯವರಲ್ಲವಂತೆ. ಆಕಾಶದಿಂದ ಬಂದವರು ಇವರಿಗೆ ಕಲಿಸಿಕೊಟ್ಟರಂತೆ. ಇವನು ರಾಕೆಟ್ಟಿನಲ್ಲಿ ಕುಳಿತಿದ್ದಾನೆ, ನೋಡಿ” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿಂದಾಚೆಗೆ ದೊರೆತದ್ದನ್ನೆಲ್ಲ ಓದಿದೆ. ಓದಿದಾಗ ತಿಳಿದದ್ದು ಇಷ್ಟು. ನನ್ನ ಮಾತೂ ತಪ್ಪು, ಅವನ ಚಿತ್ರದ ಮಾತೂ ತಪ್ಪು. ಹೆಸರಿನ ಸಾಮ್ಯ ಬರಿಯ ಆಕಸ್ಮಿಕ. ಕೆಲಸ ಮಾಡಿದವರನ್ನು ಬಿಟ್ಟು ಕೀರ್ತಿಯನ್ನು ಬೇರೆಯವರಿಗೆ ಕೊಡುವುದರಲ್ಲಿ ನಾವಿಬ್ಬರೂ ಒಂದೇ ಆಗಿದ್ದೆವು. ಆ ಹುಡುಗ ಶಾಲೆ ಬಿಟ್ಟು ಹೋಗಿದ್ದಾನೆ. ಈ ಭಾಷಣ ಅವನ ಕಿವಿಗೂ ಬಿದ್ದರೆ ಸಂತೋಷ.

ಚಿತ್ರದಲ್ಲಿರುವ ಮನುಷ್ಯನ ಹೆಸರು ಕಿನಿಚ್ ಹನಾಬ್ ಪಕಲ್. ಪಕಲ್ ಎಂದರೆ ಅವರ ಭಾಷೆಯಲ್ಲಿ ಗುರಾಣಿ. ಕಿನಿಚ್ ಎಂಬುದು ಬಿರುದು. ಸೂರ್ಯನಂತೆ ಬೆಳಗುವವನು ಎಂಬರ್ಥ. ಈಗಿನ ಮೆಕ್ಸಿಕೋ ದೇಶದ ದಕ್ಷಿಣದಲ್ಲಿ ಚಿಯಾಪಾಸ್ ಎಂಬ ಪ್ರಾಂತವಿದೆ. ಅಲ್ಲಿ ಬೆಟ್ಟಸಾಲು ಮುಗಿದು ಬಯಲು ಮೊದಲಾಗುವ ಕಡೆ, ದಟ್ಟವಾದ ಮಳೆಕಾಡಿನ ಅಂಚಿನಲ್ಲಿ ಪಲೆಂಕೆ ಎಂಬ ಪಾಳುನಗರವಿದೆ. ಪಲೆಂಕೆ ಎಂಬುದು ಸ್ಪೇನಿನವರು ಬಂದ ಮೇಲಿನ ಹೆಸರು. ಹಳೆಯ ಹೆಸರು ಲಕಂಹಾ, ಅಂದರೆ ದೊಡ್ಡ ನೀರು. ಹೆಸರಿಗೆ ತಕ್ಕಂತೆ ಊರ ನಡುವೆ ತೊರೆಗಳು ಹರಿಯುತ್ತವೆ. ಒಂದು ತೊರೆಯನ್ನಂತೂ ಅರಮನೆಯ ಪಕ್ಕದಲ್ಲಿ ಕಲ್ಲಿನ ಕಮಾನು ಕಟ್ಟಿ ನೆಲದಡಿಯಲ್ಲಿ ಹಾಯಿಸಿದ್ದಾರೆ.

ಮಾಯಾ ಜನಕ್ಕೆ ಒಬ್ಬ ಚಕ್ರವರ್ತಿ ಎಂದೂ ಇರಲಿಲ್ಲ. ಊರೂರಿಗೂ ಅರಸ, ಊರೂರಿಗೂ ಹಗೆ. ಅವರಲ್ಲಿ ಬಲಿಷ್ಠವಾದದ್ದು ಹಾವಿನ ಲಾಂಛನದ ಅರಸುಮನೆ. ಕಲಕ್ಮುಲ್ ಎಂಬ ಮಹಾನಗರದ ಹೆಸರಿನೊಡನೆ ಅದರ ಹೆಸರು ಬೆಸೆದುಕೊಂಡಿದೆ. ಈ ಹಾವಿನ ಅರಸರು 599ರಲ್ಲಿ ಒಮ್ಮೆ, 611ರಲ್ಲಿ ಮತ್ತೊಮ್ಮೆ ದೂರದಿಂದ ದಂಡೆತ್ತಿ ಬಂದು ಪಲೆಂಕೆಯನ್ನು ಮುರಿದರು. ದಂಡೆತ್ತಿ ಬರುವುದೆಂದರೆ ಕುದುರೆ ಏರಿ ಬರುವುದಲ್ಲ. ಆ ಖಂಡದಲ್ಲಿ ಆಗ ಕುದುರೆಯಿರಲಿಲ್ಲ, ಎತ್ತಿರಲಿಲ್ಲ, ಗಾಡಿಯಿರಲಿಲ್ಲ. ಕಾಡುದಾರಿಯಲ್ಲಿ ಬುತ್ತಿ ಹೊತ್ತು ನಡೆದೇ ಬರಬೇಕು. ಹಾಗೆ ನಡೆದು ಬಂದವರಿಗೆ ಎಷ್ಟು ರೋಷವಿದ್ದಿರಬೇಕು!

ಪಕಲ್ ಹುಟ್ಟಿದ್ದು 603ರಲ್ಲಿ. ಎರಡನೆಯ ದಾಳಿಯಾದಾಗ ಎಂಟು ವರ್ಷದ ಹುಡುಗ. ಮರುವರ್ಷವೇ, 612ರಲ್ಲಿ, ಅರಸನೂ ಮನೆತನದ ಇನ್ನೊಬ್ಬ ಹಿರಿಯನೂ ಕೆಲವು ತಿಂಗಳುಗಳ ಅಂತರದಲ್ಲಿ ತೀರಿಕೊಂಡರು. ಆ ಹಿರಿಯನ ಹೆಸರೂ ಹನಾಬ್ ಪಕಲ್ ಎಂದೇ. ಮಗುವಿಗೆ ಇಟ್ಟಿದ್ದುದು ಮನೆಯ ಹಿರಿಯರ ಹೆಸರು. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದಿಲ್ಲವೆ, ಹಾಗೆ. ಗಂಡುಸಂತತಿಯ ಎಳೆ ಅಲ್ಲಿಗೆ ಕಡಿಯಿತು. ಆ ಕಾಲದ ದೈನ್ಯವನ್ನು ಪಕಲ್ ಮುದುಕನಾದ ಮೇಲೂ ಮರೆಯಲಿಲ್ಲ. ಅವನ ಶಾಸನದಲ್ಲಿ ಆ ವರ್ಷಗಳ ಮಾತು ಬಂದಾಗ ದೇವತೆಗಳಿಗೆ ಸಲ್ಲಬೇಕಾದ ಕಾಣಿಕೆ ಸಲ್ಲಲಿಲ್ಲ, ಒಡೆಯರು ಇಲ್ಲವಾದರು ಎಂಬ ಅಳಲು ಕೇಳುತ್ತದೆ. ತಮ್ಮ ಸೋಲನ್ನು ಕಲ್ಲಿನಲ್ಲಿ ಬರೆಸಿದ ಅರಸರು ಲೋಕದಲ್ಲಿ ಹೆಚ್ಚು ಮಂದಿಯಿಲ್ಲ. ನಮ್ಮ ಶಾಸನಗಳನ್ನು ಓದಿದವರಿಗೆ ಇದು ಗೊತ್ತು. ಎರಡು ಪಕ್ಷದವರೂ ತಾವೇ ಗೆದ್ದೆವೆಂದು ಬರೆಸಿರುವ ಕಾಳಗಗಳು ಎಷ್ಟಿಲ್ಲ!

ಉಳಿದವಳು ತಾಯಿ. ಅವಳ ಹೆಸರು ಸಕ್ ಕುಕ್. ಬಿಳಿಯ ಕ್ವೆತ್ಸಾಲ್ ಹಕ್ಕಿ ಎಂದು ಅರ್ಥ ಹೇಳುತ್ತಾರೆ. ಕ್ವೆತ್ಸಾಲ್ ಎಂಬುದು ಆ ಕಾಡುಗಳ ಹಸಿರು ಗರಿಯ ಹಕ್ಕಿ. ಅದರ ಗರಿ ಅರಸರ ಮುಡಿಗೆ ಮಾತ್ರ ಯೋಗ್ಯವಾದದ್ದು. ತಂದೆ ಕನ್ ಮೊ ಹಿಷ್ ಎಂಬವನು ಅರಸನಾಗಿ ಆಳಿದವನಲ್ಲ. ಆದ್ದರಿಂದ ಹುಡುಗನಿಗೆ ಪಟ್ಟದ ಹಕ್ಕು ತಾಯಿಯ ಕಡೆಯಿಂದ ಬರಬೇಕಾಯಿತು. ಈ ಊರಿಗೆ ಹೆಂಗಸಿನ ಆಳ್ವಿಕೆ ಹೊಸದಾಗಿರಲಿಲ್ಲ. 583ರಿಂದ 604ರ ತನಕ ಯೋಲ್ ಇಕ್ನಾಲ್ ಎಂಬ ರಾಣಿ ತಾನೇ ಆಳಿದ್ದಳು.

615ರಲ್ಲಿ ಹನ್ನೆರಡು ವರ್ಷದ ಪಕಲ್‌ಗೆ ಪಟ್ಟವಾಯಿತು. ಅದರ ಚಿತ್ರ ಅರಮನೆಯ ಗೋಡೆಯಲ್ಲಿ ಇಂದಿಗೂ ಇದೆ. ಅಂಡಾಕಾರದ ಒಂದು ಕಲ್ಲು. ಎರಡು ತಲೆಯ ಜಾಗ್ವಾರಿನ ಆಸನದ ಮೇಲೆ ಪಕಲ್ ಕುಳಿತಿದ್ದಾನೆ. ಜಾಗ್ವಾರ್ ಎಂದರೆ ನಮ್ಮ ಚಿರತೆಗೆ ಅಣ್ಣನಂಥ ಅಲ್ಲಿಯ ಹುಲಿ. ಮೈಮೇಲೆ ಹೆಚ್ಚು ಒಡವೆಯಿಲ್ಲ. ಎದುರಿಗೆ ತಾಯಿ ಕುಳಿತು ಎರಡು ಕೈಗಳಿಂದಲೂ ಕಿರೀಟವನ್ನು ಎತ್ತಿ ನೀಡುತ್ತಿದ್ದಾಳೆ. ಅವನ ಮುಖ ತಾಯಿಯ ಕಡೆಗೆ ತಿರುಗಿದೆ. ಅಷ್ಟೇ ಚಿತ್ರ. ಪುರೋಹಿತರಿಲ್ಲ, ಸಾಮಂತರಿಲ್ಲ, ಕಾಲಡಿಯಲ್ಲಿ ಸೆರೆಯಾಳುಗಳಿಲ್ಲ. ಈ ಕಲ್ಲನ್ನು ಮಾಡಿಸಿ ನಿಲ್ಲಿಸುವ ಹೊತ್ತಿಗೆ ಪಕಲ್ ಪ್ರಾಯ ತುಂಬಿದ ಅರಸ. ಆಗಲೂ ತಾನು ಎಲ್ಲಿಂದ ಬಂದೆನೆಂಬುದನ್ನು ಹೀಗೆ ತೋರಿಸಬೇಕೆಂದು ಅವನಿಗೆ ಅನ್ನಿಸಿತು. ತಾಯಿ 640ರ ತನಕ ಬದುಕಿದ್ದಳು. ಮೊದಲ ವರ್ಷಗಳಲ್ಲಿ ರಾಜ್ಯದ ಭಾರ ನಿಜವಾಗಿ ಯಾರ ಹೆಗಲ ಮೇಲಿತ್ತೆಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಕಾಲದ ಅಂದಾಜಿಗೆ ಹೇಳುತ್ತೇನೆ. ಇವನು ನಮ್ಮ ಇಮ್ಮಡಿ ಪುಲಕೇಶಿಯ ಸಮಕಾಲೀನ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ ಶಾಸನ 634ರದು. ಅದಕ್ಕೆ ಒಂದು ವರ್ಷ ಮುಂಚೆ, 633ರಲ್ಲಿ, ಪಲೆಂಕೆಯಲ್ಲಿ ಒಂದು ದೊಡ್ಡ ಕಾಲಾವಧಿ ಮುಗಿದ ಹಬ್ಬವನ್ನು ಪಕಲ್ ನಡೆಸಿದ. ಇಬ್ಬರಿಗೂ ಪರಸ್ಪರ ಇರವೇ ತಿಳಿಯದು. ಆದರೆ ರವಿಕೀರ್ತಿ ಭಾರತಯುದ್ಧದಿಂದ 3735 ವರ್ಷಗಳು ಕಳೆದುವೆಂದು ಎಣಿಸಿದಂತೆ, ಮಾಯಾ ಲಿಪಿಕಾರರೂ ಕ್ರಿಸ್ತಪೂರ್ವ 3114ರ ಒಂದು ದಿನದಿಂದ ಎಣಿಕೆ ಹಿಡಿಯುತ್ತಿದ್ದರು. ನಾವು ವರ್ಷಗಳನ್ನು ಎಣಿಸಿದರೆ ಅವರು ದಿನಗಳನ್ನೇ ಎಣಿಸುತ್ತಿದ್ದರು. ಎಣಿಕೆ ಇಪ್ಪತ್ತರ ಮಡಿಯದು. ಒಂದು ಚುಕ್ಕೆಗೆ ಒಂದು, ಒಂದು ಗೀಟಿಗೆ ಐದು; ಸೊನ್ನೆಗೂ ಗುರುತುಂಟು. ಸುಮಾರು ಇಪ್ಪತ್ತು ವರ್ಷಗಳ ಒಂದೊಂದು ಅವಧಿ ಮುಗಿದಾಗ ಅರಸನು ದೇವತೆಗಳಿಗೆ ಲೆಕ್ಕ ಒಪ್ಪಿಸಬೇಕು. 633, 652, 672: ಈ ಮೂರು ಸಲವೂ ಪಕಲ್ ಲೆಕ್ಕ ಒಪ್ಪಿಸಿದ್ದಾನೆ. ಊರಿನ ಮೂವರು ದೇವತೆಗಳಿಗೆ ಯಾವ ಯಾವ ಮುಡಿ, ಕಂಠಹಾರ, ಕಿವಿಯೋಲೆ ಕೊಟ್ಟೆನೆಂದು ಬಿಡಿಬಿಡಿಯಾಗಿ ಬರೆಸಿದ್ದಾನೆ. ಹುಡುಗನಾಗಿದ್ದಾಗ ನಿಂತುಹೋದ ಕಾಣಿಕೆಯನ್ನು ಇವನು ಜೀವಮಾನವೆಲ್ಲ ತುಂಬಿಕೊಟ್ಟನೆಂದು ನನಗೆ ತೋರುತ್ತದೆ.

ಮೊದಮೊದಲ ದಶಕಗಳಲ್ಲಿ ದೊಡ್ಡ ಕಟ್ಟಡಗಳು ಹೆಚ್ಚಾಗಿ ಏಳಲಿಲ್ಲ. ಊರು ಮುರಿದುಬಿದ್ದಿತ್ತಲ್ಲ! 626ರಲ್ಲಿ ತ್ಸಕ್ಬು ಅಹಾವ್ ಎಂಬವಳನ್ನು ಮದುವೆಯಾದ, ಮಕ್ಕಳಾದರು. ಐವತ್ತರ ಪ್ರಾಯದಲ್ಲಿ ಅವನ ಕೈ ತೆರೆಯಿತು. 654ರಲ್ಲಿ, ಮೊದಲೇ ಹೇಳಿದ ಪಟ್ಟದ ಕಲ್ಲಿರುವ ಮನೆ. ಅದರ ಹೊರಗೋಡೆಗೆ ಬಿಳಿಯ ಬಣ್ಣ, ಬಣ್ಣದ ಮೇಲೆ ಹೂಗಳ ಚಿತ್ತಾರ. ಆಮೇಲೆ ಅದರ ಸುತ್ತ ಒಂದೊಂದಾಗಿ ಮನೆಗಳು, ಅಂಗಳಗಳು. 659ರಲ್ಲಿ ಸೆರೆಸಿಕ್ಕಿದವರ ಹೆಸರುಗಳು ಒಂದು ಅಂಗಳದಲ್ಲಿವೆ. ಅದೇ ಮನೆಯ ಮೆಟ್ಟಿಲುಗಳ ಮೇಲೆ 599ರ ಸೋಲಿನ ಸುದ್ದಿಯೂ ಇದೆ. ಸೋಲನ್ನೂ ಅದರ ಉತ್ತರವನ್ನೂ ಒಂದೇ ಕಡೆ ಇಟ್ಟಿದ್ದಾನೆ. ಸೆರೆಯಾಳುಗಳ ಗತಿ ಏನಾಗುತ್ತಿತ್ತೆಂದು ಮುಚ್ಚಿಡಬೇಕಾಗಿಲ್ಲ. ನರಬಲಿ ಆ ಧರ್ಮದ ಒಂದು ಭಾಗ. ಪಕಲ್‌ನನ್ನು ಸಾಧುಪುರುಷನೆಂದು ನಾನು ಹೇಳಹೊರಟಿಲ್ಲ.

ಈ ಮನೆಗಳ ಕೆಲಸವನ್ನು ನೋಡಿದವರು ಬೆರಗಾಗುತ್ತಾರೆ. ಕಬ್ಬಿಣವಿಲ್ಲ, ಕಂಚಿಲ್ಲ, ಕಲ್ಲಿನ ಉಳಿಯಿಂದಲೇ ಕಲ್ಲನ್ನು ಕೊರೆದದ್ದು. ಕಲ್ಲಿನ ಮೇಲೆ ಕಲ್ಲನ್ನು ಒಂದಿಷ್ಟೊಂದಿಷ್ಟೇ ಮುಂದಕ್ಕೆ ಚಾಚಿ ಎರಡು ಗೋಡೆಗಳನ್ನು ಮೇಲೆ ಕೂಡಿಸುವುದು ಅವರ ಚಾವಣಿಯ ಕ್ರಮ. ಇದರಿಂದ ಗೋಡೆ ದಪ್ಪವಾಗುತ್ತದೆ, ಕೋಣೆ ಇಕ್ಕಟ್ಟಾಗುತ್ತದೆ. ಪಲೆಂಕೆಯ ಶಿಲ್ಪಿಗಳು ಚಾವಣಿಯ ಭಾರವನ್ನು ತಗ್ಗಿಸುವ ಉಪಾಯವನ್ನು ಕಂಡುಕೊಂಡು ಗೋಡೆಯನ್ನು ತೆಳುವಾಗಿಸಿದರು. ಬಾಗಿಲುಗಳು ಹೆಚ್ಚಿದುವು, ಬೆಳಕು ಬಂದಿತು. ಗಾರೆಯಲ್ಲಿ ಮನುಷ್ಯನ ಮುಖವನ್ನು ಮಾಡುವುದರಲ್ಲಿ ಮಾಯಾ ನಾಡಿನಲ್ಲಿ ಅವರಿಗೆ ಸರಿಸಾಟಿಯಾದವರು ಕಡಮೆ.

672ರಲ್ಲಿ ರಾಣಿ ತೀರಿಕೊಂಡಳು. ಮದುವೆಯಾಗಿ ನಲವತ್ತಾರು ವರ್ಷ. ಪಕಲ್‌ಗೆ ಆಗ ಅರುವತ್ತೊಂಬತ್ತು. ತನ್ನ ಗೋರಿಯ ಕೆಲಸವನ್ನು ಅವನು ತನ್ನ ಕೊನೆಗಾಲದಲ್ಲಿಯೇ ಹಿಡಿಸಿದ. 683ರಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡ. ಅರುವತ್ತೆಂಟು ವರ್ಷ ಆಳಿದ್ದ. ಅವನನ್ನು ಬಿಟ್ಟು ಬೇರೆ ಅರಸನನ್ನು ಕಂಡವರು ಊರಿನಲ್ಲಿ ಎಷ್ಟು ಜನ ಉಳಿದಿದ್ದರೋ! ನಲವತ್ತೆಂಟು ವರ್ಷದ ಹಿರಿಯ ಮಗ ಕನ್ ಬಹ್ಲಾಮ್ ಮರುವರ್ಷ ಪಟ್ಟವೇರಿ ಗೋರಿಯ ಮೇಲಿನ ಗುಡಿಯನ್ನು ಮುಗಿಸಿದ. ಆಮೇಲಿನ ಕಥೆ ಚಿಕ್ಕದು. ಎರಡನೆಯ ಮಗ ಕನ್ ಹೊಯ್ ಚಿತಾಮ್ 711ರಲ್ಲಿ ತೊನಿನಾ ಎಂಬ ಊರಿನವರ ಸೆರೆಗೆ ಸಿಕ್ಕಿದ. ಪಲೆಂಕೆಯಲ್ಲಿ ದೊರೆತ ಕೊನೆಯ ತೇದಿ 799. ಆಮೇಲೆ ಜನ ಚದರಿದರು. ಕಾಡು ಬಂದು ಊರನ್ನು ಮುಚ್ಚಿತು.

ಇನ್ನು ಗೋರಿಯ ವಿಷಯ. ಒಂಬತ್ತು ಅಂತಸ್ತಿನ ಒಂದು ಪಿರಮಿಡ್ಡು, ಅದರ ನೆತ್ತಿಯ ಮೇಲೆ ಒಂದು ಗುಡಿ. ಗುಡಿಯ ಗೋಡೆಗಳಲ್ಲಿ ಮೂರು ದೊಡ್ಡ ಹಾಸುಗಲ್ಲುಗಳ ತುಂಬ 600ಕ್ಕೂ ಮಿಕ್ಕಿ ಅಕ್ಷರಗುರುತುಗಳು; ಆದ್ದರಿಂದಲೇ ಅದಕ್ಕೆ ಶಾಸನಗಳ ಗುಡಿ ಎಂದು ಹೆಸರು. ನೋಡುವವರು ಬಂದರು, ಬರೆದುಕೊಂಡು ಹೋದರು. ನೆಲವನ್ನು ಮಾತ್ರ ಯಾರೂ ಸರಿಯಾಗಿ ನೋಡಲಿಲ್ಲ. ಮೆಕ್ಸಿಕೋದ ಪ್ರಾಕ್ತನಶಾಸ್ತ್ರಜ್ಞ ಆಲ್ಬೆರ್ತೊ ರೂಸ್ ಅಲ್ಲಿಗೆ ಬಂದವನು ಎರಡು ಸಂಗತಿಗಳನ್ನು ಗಮನಿಸಿದ. ನೆಲಕ್ಕೆ ಹಾಸಿದ್ದ ಒಂದು ಚಪ್ಪಡಿಯಲ್ಲಿ ಕಲ್ಲುಬಿರಡೆ ಹಾಕಿ ಮುಚ್ಚಿದ ತೂತುಗಳ ಸಾಲು. ಮತ್ತು ಗುಡಿಯ ಗೋಡೆ ನೆಲಕ್ಕೆ ತಗುಲಿ ನಿಲ್ಲದೆ ನೆಲವನ್ನು ದಾಟಿ ಕೆಳಕ್ಕೆ ಇಳಿದಿತ್ತು. ಗೋಡೆ ಕೆಳಗಿಳಿದಿದ್ದರೆ ಕೆಳಗೂ ಒಂದು ಮನೆ ಇರಬೇಕಲ್ಲವೆ? ಚಪ್ಪಡಿಯನ್ನು ಎತ್ತಿಸಿದ. ಕೆಳಗೆ ಮೆಟ್ಟಿಲುಗಳು, ಮೆಟ್ಟಿಲ ದಾರಿಯ ತುಂಬ ಬೇಕೆಂದೇ ತುಂಬಿಸಿದ ಕಲ್ಲು ಮಣ್ಣು. ಅದನ್ನು ಹೊರಕ್ಕೆ ಹಾಕಿಸುವುದಕ್ಕೆ ಒಂದಲ್ಲ, ಎರಡಲ್ಲ, ನಾಲ್ಕು ಹಂಗಾಮು ಹಿಡಿಯಿತು. ಸೆಕೆ, ತೇವ, ಉಸಿರು ಕಟ್ಟಿಸುವ ಧೂಳು. ಸ್ಥಳೀಯರಾದ ಮಾಯಾ ಕೂಲಿಗಳೇ ಆ ಕಲ್ಲುಗಳನ್ನು ಹೊತ್ತವರು.

1952ರ ಜೂನ್ 15ರಂದು ಮೂರು ಮೂಲೆಯ ಒಂದು ಕಲ್ಲುಬಾಗಿಲು ತಿರುಗಿತು. ಒಳಗೆ, ನೆಲಮಟ್ಟಕ್ಕಿಂತಲೂ ಕೆಳಗೆ, ಎತ್ತರವಾದ ಕಮಾನಿನ ಕೋಣೆ. ಸಾವಿರದ ಮುನ್ನೂರು ವರ್ಷಗಳಿಂದ ಸುಣ್ಣದ ನೀರು ತೊಟ್ಟಿಕ್ಕಿ ಗೋಡೆಯ ಮೇಲೆಲ್ಲ ಬಿಳಿಯ ತೆರೆ ಇಳಿಬಿಟ್ಟಂತಾಗಿತ್ತು. ಗೋಡೆಯಲ್ಲಿ ಗಾರೆಯ ಒಂಬತ್ತು ಮೂರ್ತಿಗಳು. ಕೋಣೆಯನ್ನು ಬಹುಮಟ್ಟಿಗೆ ತುಂಬಿಕೊಂಡು ಒಂದು ಕಲ್ಲು. ನಾಲ್ಕು ಗಜದಷ್ಟು ಉದ್ದ, ಎರಡು ಗಜಕ್ಕೂ ಮಿಕ್ಕ ಅಗಲ. ನಮ್ಮ ಹುಡುಗ ತಂದಿದ್ದ ಚಿತ್ರ ಇದರ ಮೇಲಿನದೇ. ಆ ವರ್ಷವೇ ಮರದ ದಿಮ್ಮಿಗಳನ್ನು ಇಟ್ಟು ಮೋಟಾರಿನ ಜಾಕುಗಳಿಂದ ಅದನ್ನು ಅಂಗುಲ ಅಂಗುಲವಾಗಿ ಎತ್ತಿದರು. ಕೆಳಗೆ ಇಂಗಳೀಕದ ಕೆಂಪಿನ ನಡುವೆ ಒಬ್ಬ ಮನುಷ್ಯನ ಎಲುಬುಗಳು. ಮುಖದ ಮೇಲೆ ಜೇಡ್ ಎಂಬ ಹಸಿರು ಕಲ್ಲಿನ ತುಣುಕುಗಳನ್ನು ಜೋಡಿಸಿ ಮಾಡಿದ ಮುಖವಾಡ, ಬೆರಳುಬೆರಳಿಗೂ ಉಂಗುರ, ಬಾಯಲ್ಲಿ ಒಂದು ಮಣಿ, ಒಂದು ಕೈಯಲ್ಲಿ ಉಂಡೆ, ಇನ್ನೊಂದರಲ್ಲಿ ಚೌಕದ ಗಟ್ಟಿ. ಅವನೊಡನೆ ಬಲಿಯಾದವರ ಎಲುಬುಗಳು ಬಾಗಿಲ ಹೊರಗೆ ಒಂದು ಕಲ್ಲಿನ ಪೆಟ್ಟಿಗೆಯಲ್ಲಿದ್ದುವು.

ಶವಪೆಟ್ಟಿಗೆ ಮೆಟ್ಟಿಲ ದಾರಿಯಲ್ಲಿ ಇಳಿಯುವಷ್ಟು ಚಿಕ್ಕದಲ್ಲ. ಅಂದರೆ ಮೊದಲು ಅದನ್ನು ಇಟ್ಟು, ಆಮೇಲೆ ಅದರ ಮೇಲೆ ಅಷ್ಟು ದೊಡ್ಡ ಪಿರಮಿಡ್ಡನ್ನು ಕಟ್ಟಿದ್ದಾರೆ. ಇನ್ನೊಂದು ವಿಶೇಷವಿದೆ, ಇದನ್ನು ಬಾನುಲಿಯವರು ಮೆಚ್ಚಬೇಕು. ಗೋರಿಯಿಂದ ಹೊರಟು ಮೆಟ್ಟಿಲುಗಳ ಪಕ್ಕದಲ್ಲಿಯೇ ಮೇಲಕ್ಕೆ ಹತ್ತಿ ಗುಡಿಯ ನೆಲವನ್ನು ಮುಟ್ಟುವ ಒಂದು ಟೊಳ್ಳು ಕಲ್ಲುಕೊಳವೆಯುಂಟು. ಮೆಟ್ಟಿಲನ್ನು ಮುಚ್ಚಿದರೂ ಕೊಳವೆಯನ್ನು ಮುಚ್ಚಲಿಲ್ಲ. ಸತ್ತ ಅರಸನ ಉಸಿರು ಮೇಲಿನವರಿಗೆ ಬರಲೆಂದು, ಮೇಲಿನವರ ಮಾತು ಅವನಿಗೆ ಮುಟ್ಟಲೆಂದು.

ಮುಚ್ಚಳದ ಚಿತ್ರವನ್ನು ಈಗ ಸರಿಯಾಗಿ ನೋಡೋಣ. 1968ರಲ್ಲಿ ಎರಿಕ್ ಫಾನ್ ಡಾನಿಕೆನ್ ಎಂಬವನು ಬರೆದ ಪುಸ್ತಕವೊಂದು ಇದನ್ನು ವ್ಯೋಮಯಾನವೆಂದು ಸಾರಿ ಲೋಕವನ್ನೆಲ್ಲ ನಂಬಿಸಿತು. ರಾಕೆಟ್ಟು ಕಾಣಬೇಕಾದರೆ ಕಲ್ಲನ್ನು ಅಡ್ಡಲಾಗಿ ತಿರುಗಿಸಿ ನೋಡಬೇಕು. ಶಿಲ್ಪಿ ಕೆತ್ತಿದಂತೆ ನೆಟ್ಟಗೆ ನಿಲ್ಲಿಸಿ ನೋಡಿ. ಕೆಳಗೆ ಬಾಯಿ ತೆರೆದ ಎಲುಬಿನ ದವಡೆ. ಅದು ಪಾತಾಳದ ಬಾಯಿ. ಅದರ ನಡುವೆ ಅರಸ. ಅವನ ಮೈಯಿಂದ ಎದ್ದಂತೆ ಒಂದು ಮರ ಶಿಲುಬೆಯ ಆಕಾರದಲ್ಲಿ ನೆಟ್ಟಗೆ ಏರುತ್ತದೆ. ತುದಿಯಲ್ಲಿ ಒಂದು ಹಕ್ಕಿ. ಅಂಚಿನಲ್ಲಿ ಸೂರ್ಯ, ಚಂದ್ರ ಮೊದಲಾದ ಗುರುತುಗಳು. ಅರಸ ತೊಟ್ಟಿರುವುದು ಜೋಳದ ದೇವತೆಯ ವೇಷ. ನಾವು ಮುಸುಕಿನ ಜೋಳ ಎಂದೂ ಗೋವಿನ ಜೋಳ ಎಂದೂ ಕರೆಯುವ ಧಾನ್ಯ ಆ ನಾಡಿನ ಮೂಲದ್ದೇ. ಅವರಿಗೆ ಅದು ಅನ್ನವೂ ಹೌದು, ದೇವರೂ ಹೌದು. ಮಣ್ಣಿಗೆ ಬಿದ್ದ ಕಾಳು ಮೊಳೆಯುವಂತೆ ಅರಸ ಮತ್ತೆ ಏಳುತ್ತಾನೆ. ಪೆಟ್ಟಿಗೆಯ ಪಕ್ಕಗಳಲ್ಲಿ ಅವನ ಹಿರಿಯರು ಒಬ್ಬೊಬ್ಬರೂ ಒಂದೊಂದು ಹಣ್ಣಿನ ಮರವಾಗಿ ನೆಲದಿಂದ ಹುಟ್ಟಿ ಬರುತ್ತಿದ್ದಾರೆ. ಸೀಬೆ, ಬೆಣ್ಣೆಹಣ್ಣು, ಸಪೋಟದ ಜಾತಿಯ ಮರ. ನಮ್ಮ ಹಿತ್ತಿಲಿನಲ್ಲಿ ಈಗ ಕಾಣುವ ಇವೆಲ್ಲ ಆ ಖಂಡದಿಂದಲೇ ಬಂದುವು. ತಾಯಿ ಸಕ್ ಕುಕ್ ಹುಟ್ಟಿಬರುವುದು ಕೋಕೋ ಮರವಾಗಿ. ಸಾವಿನ ಪೆಟ್ಟಿಗೆಯ ಸುತ್ತ ಅವನು ಒಂದು ತೋಪನ್ನು ನೆಡಿಸಿದ್ದಾನೆ. ಇದರಲ್ಲಿ ಯಂತ್ರವನ್ನು ಕಾಣುವವರ ಕಣ್ಣು ಎಂಥದಿರಬೇಕು!

ಗೋರಿ ಸಿಕ್ಕಿದಾಗ ಇದು ಯಾರದೆಂದು ಹೇಳಬಲ್ಲವರು ಮಾತ್ರ ಯಾರೂ ಇರಲಿಲ್ಲ. ಅಕ್ಷರ ಕಣ್ಣ ಮುಂದಿತ್ತು, ಓದು ತಪ್ಪಿಹೋಗಿತ್ತು. ತಪ್ಪಿಹೋಗಲು ಕಾರಣವುಂಟು. ಸ್ಪೇನಿನವರು ನಾಡನ್ನು ಗೆದ್ದ ಮೇಲೆ, 1562ರಲ್ಲಿ, ದಿಯೆಗೊ ದೆ ಲಾಂದಾ ಎಂಬ ಪಾದ್ರಿ ಮಾಯಾ ಜನರ ಪುಸ್ತಕಗಳನ್ನು ರಾಶಿ ಹಾಕಿಸಿ ಸುಡಿಸಿದ. ಇಂದು ಲೋಕದಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು. ವಿಚಿತ್ರವೆಂದರೆ ಓದಿನ ಕೀಲಿಯೂ ಅದೇ ಲಾಂದಾ ಬರೆದಿಟ್ಟ ಕಾಗದದಲ್ಲಿಯೇ ಇತ್ತು. ಅವನು ಒಬ್ಬ ಮಾಯಾ ವಿದ್ವಾಂಸನನ್ನು ಕೂಡಿಸಿಕೊಂಡು, ತನ್ನ ಭಾಷೆಯ ಅಕ್ಷರಗಳ ಹೆಸರನ್ನು ಆ, ಬೆ, ಸೆ ಎಂದು ಹೇಳುತ್ತ, ನಿಮ್ಮಲ್ಲಿ ಇದಕ್ಕೆ ಏನು ಬರೆಯುತ್ತೀರಿ ಎಂದು ಕೇಳಿದ. ಆ ಮನುಷ್ಯ ಕಿವಿಗೆ ಬಿದ್ದುದನ್ನೇ ಬರೆದ. ‘ಬೆ’ ಎಂದದ್ದಕ್ಕೆ ಬೆಕಾರದ ಗುರುತು. ಅದು ಸ್ವರ ಸೇರಿದ ಪೂರ್ಣಾಕ್ಷರ, ಬರಿಯ ವ್ಯಂಜನವಲ್ಲ. ಕಾಗುಣಿತ ಕಲಿತ ನಮ್ಮ ಒಂದನೆಯ ತರಗತಿಯ ಮಗುವಿಗೂ ಇದು ಸುಲಭ. ಯುರೋಪಿನ ಪಂಡಿತರಿಗೆ ಇದು ಬಹುಕಾಲ ತಿಳಿಯಲಿಲ್ಲ. 1952ರಲ್ಲಿ, ಗೋರಿ ತೆರೆದ ಅದೇ ವರ್ಷ, ಯೂರಿ ಕ್ನೋರೊಸೊವ್ ಎಂಬ ರಷ್ಯದ ವಿದ್ವಾಂಸ ಇದನ್ನು ಬರೆದು ತೋರಿಸಿದ. ಪಲೆಂಕೆಯನ್ನು ಅವನು ಕಣ್ಣಿನಿಂದಲೂ ಕಂಡಿರಲಿಲ್ಲ. ಒಪ್ಪಿದವರು ಕೆಲವರೇ. 1960ರಲ್ಲಿ ತಾತಿಯಾನ ಪ್ರೊಸ್ಕೊರಿಯಾಕೊಫ್ ಎಂಬಾಕೆ, ಶಾಸನಗಳಲ್ಲಿರುವುದು ಬರಿಯ ಪಂಚಾಂಗವಲ್ಲ, ನಿಜವಾದ ಅರಸರ ಹುಟ್ಟು, ಪಟ್ಟ, ಕಾಳಗಗಳ ಚರಿತ್ರೆ ಎಂದು ಸಾಧಿಸಿದಳು.

ಕೊನೆಗೆ 1973ರ ಡಿಸೆಂಬರಿನಲ್ಲಿ ಪಲೆಂಕೆಯಲ್ಲಿಯೇ ಒಂದು ವಿದ್ವದ್ಗೋಷ್ಠಿ ನಡೆಯಿತು. ಅಲ್ಲಿ ಚಿತ್ರಕಲೆಯ ಅಧ್ಯಾಪಕಿ ಲಿಂಡಾ ಷೀಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಪೀಟರ್ ಮ್ಯಾಥ್ಯೂಸ್, ಭಾಷಾಶಾಸ್ತ್ರಜ್ಞ ಫ್ಲಾಯ್ಡ್ ಲೌನ್ಸ್‌ಬರಿ ಕೂಡಿ ಕುಳಿತು, ಒಂದು ಮಧ್ಯಾಹ್ನದಲ್ಲಿ ಆ ಅರಸುಮನೆಯ ಪೀಳಿಗೆಗಳನ್ನು ಕ್ರಮವಾಗಿ ಜೋಡಿಸಿಬಿಟ್ಟರು. ಗೋರಿಯ ಅರಸನ ಹೆಸರು ಎರಡು ಬಗೆಯಲ್ಲಿ ಬರೆದಿತ್ತು. ಒಂದು ಕಡೆ ಗುರಾಣಿಯ ಚಿತ್ರ. ಇನ್ನೊಂದು ಕಡೆ ಪ, ಕ, ಲ ಎಂಬ ಮೂರು ಅಕ್ಷರ. ಕೊನೆಯ ಅಕ್ಷರದ ಸ್ವರವನ್ನು ನುಂಗಿ ಓದಬೇಕು. ಪಕಲ್! ಸಾವಿರಕ್ಕೂ ಮಿಕ್ಕ ವರ್ಷಗಳ ಮೇಲೆ ಆ ಹೆಸರನ್ನು ಜನ ಬಾಯಿಬಿಟ್ಟು ಕರೆದರು.

ಇದನ್ನು ಒಪ್ಪದವನು ಬೇರೆ ಯಾರೂ ಅಲ್ಲ, ಗೋರಿಯನ್ನು ಕಂಡುಹಿಡಿದ ರೂಸನೇ. ಅವನು ಈ ಅರಸನಿಗೆ ಹುಟ್ಟಿದ ದಿನದ ಮೇಲೆ ‘ಎಂಟು ಅಹಾವ್’ ಎಂಬರ್ಥದ ಹೆಸರಿಟ್ಟಿದ್ದ. ಎಲುಬುಗಳನ್ನು ಪರೀಕ್ಷಿಸಿದ ತಜ್ಞರು ನಲವತ್ತು ಐವತ್ತರ ನಡುವಿನ ಗಂಡಸೆಂದಿದ್ದರು; ಹಲ್ಲುಗಳು ಹೆಚ್ಚು ಸವೆದಿರಲಿಲ್ಲ. ಶಾಸನ ಎಂಬತ್ತು ಎನ್ನುತ್ತಿತ್ತು. ಕಲ್ಲು ಸುಳ್ಳಾಡಬಹುದು, ಎಲುಬು ಆಡುವುದಿಲ್ಲ ಎಂಬುದು ರೂಸನ ವಾದ. ಇದನ್ನು ಹಟವೆಂದು ನಗುವುದು ನ್ಯಾಯವಲ್ಲ. ನಾಲ್ಕು ಹಂಗಾಮು ಕತ್ತಲಲ್ಲಿ ಕಲ್ಲು ಹೊರಿಸಿದವನು ಅವನು. ಅರಸರು ಬರೆಸಿದ್ದನ್ನೆಲ್ಲ ನಂಬಬಾರದೆಂಬ ಎಚ್ಚರ ಪಂಡಿತನಿಗೆ ಇರಬೇಕಾದದ್ದೇ. 1979ರಲ್ಲಿ ಅವನು ತೀರಿಕೊಂಡ. ಶಾಸನಗಳ ಗುಡಿಗೆ ಎದುರಾಗಿಯೇ ಅವನ ಸಮಾಧಿಯಿದೆ. ಆಮೇಲೆ ಹೊಸ ಕ್ರಮದಲ್ಲಿ ಎಲುಬುಗಳನ್ನು ಮತ್ತೆ ಪರೀಕ್ಷಿಸಿದರು. ಹಳೆಯ ಕ್ರಮ ಮುದುಕರ ವಯಸ್ಸನ್ನು ಕಡಮೆಯಾಗಿ ತೋರಿಸುತ್ತಿತ್ತೆಂದೂ, ಮೆತ್ತನೆಯ ಅರಮನೆಯ ಊಟದಿಂದ ಹಲ್ಲು ಸವೆಯದೆ ಉಳಿದಿರಬಹುದೆಂದೂ, ಇವನು ತೀರಾ ವಯಸ್ಸಾದವನೇ ಎಂದೂ ಹೇಳಿದರು. ಎಲುಬೂ ಕಲ್ಲೂ ಕೊನೆಗೆ ಒಂದೇ ಮಾತಿಗೆ ಬಂದುವು.

ರಾಣಿಯ ಮಾತನ್ನು ಬಿಡಬಾರದು. 1994ರಲ್ಲಿ ಶಾಸನಗಳ ಗುಡಿಯ ಪಕ್ಕದ ಪಿರಮಿಡ್ಡಿನಲ್ಲಿ ಇನ್ನೊಂದು ಗೋರಿ ಸಿಕ್ಕಿತು. ಮೈಯೆಲ್ಲ ಇಂಗಳೀಕದಿಂದ ಕೆಂಪಾಗಿದ್ದ ಒಬ್ಬ ಹೆಂಗಸು. ಪೆಟ್ಟಿಗೆಯ ಮೇಲೆ ಒಂದು ಅಕ್ಷರವೂ ಇಲ್ಲ. ಅವಳು ತ್ಸಕ್ಬು ಅಹಾವ್ ಎಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಗಂಡನ ಪೆಟ್ಟಿಗೆಯ ಮೇಲೆ ಅಷ್ಟು ಬರೆಹ, ಹೆಂಡತಿಯದರ ಮೇಲೆ ಮೌನ, ಏಕೋ ಏನೋ.

ಆ ಭಾಷೆಯೂ ಸತ್ತಿಲ್ಲ. ಶಾಸನಗಳ ಭಾಷೆಗೆ ಹತ್ತಿರದ ನಂಟಿನ ಚೋಲ್ ಎಂಬ ನುಡಿಯನ್ನು ಪಲೆಂಕೆಯ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಆಡುತ್ತಾರೆ, ಜೋಳ ಬಿತ್ತುತ್ತಾರೆ. ಮಯನ ವಂಶವನ್ನಾಗಲಿ ನಕ್ಷತ್ರದ ಅತಿಥಿಗಳನ್ನಾಗಲಿ ಹುಡುಕಬೇಕಾಗಿರಲಿಲ್ಲ. ಕಟ್ಟಿದವರ ಮೊಮ್ಮಕ್ಕಳು ಅಲ್ಲಿಯೇ ಇದ್ದರು.

ಪಕಲ್‌ನ ಶಾಸನದ ಕೊನೆಯ ಲೆಕ್ಕವೊಂದನ್ನು ಹೇಳಿ ನಿಲ್ಲಿಸುತ್ತೇನೆ. ಮಾಯಾ ಜನಕ್ಕೆ 260 ದಿನಗಳ ಒಂದು ಪಂಚಾಂಗ, 365 ದಿನಗಳ ಇನ್ನೊಂದು. ಎರಡೂ ಮೊದಲಿನಂತೆ ಕೂಡಿಬರುವುದಕ್ಕೆ ಸುಮಾರು 52 ವರ್ಷ ಬೇಕು. ಹನ್ನೆರಡು ವರ್ಷದ ಹುಡುಗ ತಾಯಿಯ ಕೈಯಿಂದ ಪಟ್ಟ ಪಡೆದ ಆ ದಿನ ಇಂಥ ಎಂಬತ್ತು ಸುತ್ತುಗಳನ್ನು ಮುಗಿಸಿ ಮತ್ತೆ ಬರುವುದು ಎಂದು ಎಂಬುದನ್ನು ಲಿಪಿಕಾರರು ಲೆಕ್ಕ ಹಾಕಿ ಗೋಡೆಯ ಮೇಲೆ ಕೊರೆದಿದ್ದಾರೆ. ಅದಕ್ಕೆ ಎಂಟು ದಿನ ಮುಂಚೆ ಅವರ ಎಣಿಕೆಯಲ್ಲಿ ಒಂದು ಮಹಾಯುಗ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ ಆ ದಿನ ಬರುವುದು 4772ರ ಅಕ್ಟೋಬರ್ ತಿಂಗಳಲ್ಲಿ.